ಕುಬಸ ಹೊತ್ತು ದುಖಾನಿಗೆ

ಕತಾರ್ ದೇಶಕ್ಕೆ ಮೂರು ಕಡೆ ಸಮುದ್ರ, ಒಂದು ಕಡೆ ನೆಲ. ಇದನ್ನು ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಗೋಡೆಗೆ ನಕಾಶೆ ತೂಗುಹಾಕಿ, ಕೋಲಿನಿಂದ ತೋರಿಸಿ, ವರ್ಷ ವರ್ಷ ಹೇಳುತ್ತ ಬಂದವನು ನಾನು. ಆ ನಕಾಶೆಯಲ್ಲಿ ಪೂರ್ವಕ್ಕೆ ದೋಹಾ, ಪಶ್ಚಿಮಕ್ಕೆ ದುಖಾನ್ ಎಂಬ ಎಣ್ಣೆ ಬಾವಿಗಳ ಊರು, ನಡುವೆ ಒಂದು ಕೆಂಪು ಗೀಟು. ಗೀಟು ಇದ್ದಲ್ಲಿ ರಸ್ತೆ, ರಸ್ತೆ ಇದ್ದಲ್ಲಿ ಬಸ್ಸು ಇರಲೇಬೇಕೆಂದು ನಂಬಿ ಹೊರಟೆ. ಅಲ್ಲಿಂದಲೇ ಶನಿ ಹೆಗಲೇರಿದ್ದು.

ತೊಂಬತ್ತಾರರ ಬೇಸಿಗೆ ರಜೆ. ತಂಗಿ ಶಾಂತಾ ದುಖಾನಿನಲ್ಲಿ ಏಳು ತಿಂಗಳ ಬಸುರಿ. ಗಂಡ ಮಹಾಂತೇಶ ಅಲ್ಲಿ ಎಣ್ಣೆ ಕಂಪನಿಯ ನೌಕರ. ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ, ಖಣ, ಬಳೆ ಒಯ್ದು ಕುಬಸ ಮಾಡಬೇಕು. ಹೋಗಬೇಕಾದವಳು ಅವ್ವ. ಅವಳ ವೀಸಾ ಬರಲಿಲ್ಲ, ನನ್ನದು ಬಂತು. ಮದುವೆಯೇ ಆಗದ ಗಂಡಸಿನ ಕೈಗೆ ಇಲಕಲ್ ಸೀರೆಯ ಗಂಟು ಕೊಟ್ಟು ಅವ್ವ ಹೇಳಿದಳು: "ಶುಕ್ರವಾರ ಹೊತ್ತು ಮುಣುಗೋದ್ರಾಗ ಉಡಸಬೇಕು. ದಾರ್‍ಯಾಗ ಎಲ್ಲರೇ ಮಾಸ್ತರಕಿ ಮಾಡ್ಕೋತ ಕೂಡಬ್ಯಾಡ."

ಬಸ್ಸಿನಲ್ಲಿ ಮುಂಬಯಿ, ಅಲ್ಲಿಂದ ವಿಮಾನದಲ್ಲಿ ಬಹ್ರೈನ್. ಅದು ನಿಜವಾದ ದ್ವೀಪ, ನಾಲ್ಕೂ ಕಡೆ ನೀರು. ಗುರುವಾರ ಸಂಜೆಯೇ ದೋಹಾ ಸೇರಬೇಕಿತ್ತು. ಮುಂಬಯಿಯ ವಿಮಾನ ತಡವಾಗಿ, ದೋಹಾದ ವಿಮಾನ ನನ್ನನ್ನು ಬಿಟ್ಟು ಹೋಗಿತ್ತು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಹಾರಾಟಕ್ಕೆ ಇಡೀ ರಾತ್ರಿ ಕುರ್ಚಿಯ ಮೇಲೆ ಕೂತು ಸೊಂಟ ಹಿಡಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ದೋಹಾದಲ್ಲಿ ಇಳಿದು ಫೋನ್ ಮಾಡಿದರೆ ಮಹಾಂತೇಶ ಪೇಚಾಡಿದ. "ನಿನ್ನಿ ಸಂಜೀಕ ಬಂದು ಕಾಯ್ದು ಕಾಯ್ದು ತಿರುಗಿ ಬಂದ್ನಿರಿ ಅಣ್ಣಾರ. ಗಾಡಿ ದೋಸ್ತಂದಿತ್ತು, ಒಯ್ದಬಿಟ್ಟಾನ. ತಡೀರಿ, ಬ್ಯಾರೆ ಯಾರಿಗರೇ ಕೇಳಿ ಕಳಸ್ತೀನಿ. ಈಕಿ ತವರಿನ ಸೀರಿ ಉಡೂತನಾ ಉಣ್ಣಂಗಿಲ್ಲ ಅಂತ ಹಟಾ ಹಿಡದಾಳ. ಬರೇ ಹಾಲಿನ ಮ್ಯಾಲ ಅದಾಳ."

"ಯಾರನ್ನೂ ಕಳಿಸಬ್ಯಾಡ. ಬಸ್ ಹಿಡದು ಬರ್ತೀನಿ," ಎಂದು ಗತ್ತಿನಿಂದ ಫೋನ್ ಇಟ್ಟೆ. ಭೂಗೋಳದ ಮಾಸ್ತರನಿಗೆ ದಾರಿ ತೋರಿಸಲು ಆಳು ಬೇಕೆ?

ಹೊರಗೆ ಬಂದರೆ ಮುಖಕ್ಕೆ ಬಾಣಲೆಯ ಉಗಿ ಹೊಡೆದಂತಾಯಿತು. ಬಾಗಿಲ ಬಳಿ ಟೋಪಿ ಹಾಕಿಕೊಂಡಿದ್ದ ಮಲಯಾಳಿಯೊಬ್ಬನನ್ನು ಬಸ್ಸಿನ ಬಗ್ಗೆ ಕೇಳಿದೆ. "ಬಸ್ ಮಾಫಿ," ಎಂದ. ಸಾಲ ಮಾಫಿ, ಫೀ ಮಾಫಿ ಕೇಳಿ ಬೆಳೆದವನು ನಾನು. ಶ್ರೀಮಂತ ದೇಶ, ಬಸ್ಸಿಗೆ ಟಿಕೆಟ್ಟೇ ಇಲ್ಲ ಎಂದುಕೊಂಡು ಅವನಿಗೆ ಕೈ ಮುಗಿದು, ರಸ್ತೆಯ ಅಂಚಿನಲ್ಲಿ ಸೂಟ್‌ಕೇಸಿನ ಮೇಲೆ ಕೂತೆ. ಪುಕ್ಕಟೆ ಬಸ್ಸಿಗಾಗಿ ಬೆವರು ಸುರಿಸುತ್ತ ಎಷ್ಟೋ ಹೊತ್ತು ಕೂತ ಮೇಲೆ ಅದೇ ಮನುಷ್ಯ ಬಂದು ತಲೆ ಚಚ್ಚಿಕೊಂಡ. "ಮಾಫಿ ಮತಲಬ್ ನಹೀ! ಬಸ್ ನಹೀ ಹೈ! ಇದರ್ ಕಬೀ ನಹೀ ಆತಾ!"

ಕೊನೆಗೆ ಕಿತ್ತಳೆ-ಬಿಳಿ ಬಣ್ಣದ ಟ್ಯಾಕ್ಸಿಯೊಂದನ್ನು ನಿಲ್ಲಿಸಿದೆ. ಚಾಲಕ ಗಡ್ಡದ ಪಠಾಣ. "ಕಿದರ್?" ಎಂದ.

"ದುಕಾನ್," ಎಂದೆ.

"ಕೌನ್ ಸಾ ದುಕಾನ್?"

ಟ್ಯಾಕ್ಸಿ ಓಡಿಸುವವನಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಸಿಟ್ಟು ಬಂತು. "ಏಕೀ ದುಕಾನ್ ಹೈ. ಬಡಾ. ತೇಲ್ ವಾಲಾ," ಎಂದೆ.

"ತೇಲ್," ಎಂದು ತಲೆಯಾಡಿಸಿದ. "ಔರ್ ಕ್ಯಾ ಲೇನಾ?"

ನನಗೇನೂ ಬೇಡ, ತಂಗಿಗೆ ಕುಬಸ, ಅಷ್ಟೇ ಎಂದೆ. ಅವನ ಮುಖ ಅರಳಿತು. "ಖುಬೂಸ್! ಠೀಕ್ ಹೈ. ಯಲ್ಲಾ!" ಮರುಭೂಮಿಯ ಪಠಾಣನಿಗೂ ನಮ್ಮ ಕುಬಸ ಗೊತ್ತಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು.

ಮರುಭೂಮಿ ಬರಲೇ ಇಲ್ಲ. ಓಣಿ ಸುತ್ತಿ, ಸಂದಿ ಹೊಕ್ಕು, ಬಾಗಿಲು ಮುಚ್ಚಿದ ಒಂದು ಕಿರಾಣಿ ಅಂಗಡಿಯ ಮುಂದೆ ಗಾಡಿ ನಿಂತಿತು. "ದುಕಾನ್ ಬಂದ್. ಜುಮ್ಮಾ," ಎಂದು ಅವನು ಇಳಿದ.

ಒಂದು ಊರಿಗೆ ಊರೇ ಬಂದ್ ಆಗುವುದು ಹೇಗೆ ಎಂದು ನಾನು ಕೇಳುತ್ತಲೇ ಇದ್ದೆ. ಅವನು ನನ್ನನ್ನೂ ಇಳಿಸಿ, ಗಾಡಿಗೆ ಬೀಗ ಹಾಕಿ, ನಮಾಜಿಗೆ ನಡೆದೇಬಿಟ್ಟ. ನನ್ನ ಸೂಟ್‌ಕೇಸು ಡಿಕ್ಕಿಯಲ್ಲಿ, ಸೀರೆ ಸೂಟ್‌ಕೇಸಿನಲ್ಲಿ, ಕೀಲಿ ಪಠಾಣನ ಕಿಸೆಯಲ್ಲಿ. ಸೂರ್ಯ ನೆತ್ತಿಯ ಮೇಲೆ.

"ಇದರ ಮನಿ ಹಾಳಾಗ್ಲಿ! ಇದೇನು ದೇಶಾನೋ ಏನು ಕಾದ ಹಂಚೋ!" ಎಂದು ಗೋಡೆಗೆ ಕೇಳುವಂತೆ ಬೈದೆ.

ಮೇಲಿನ ಕಿಟಕಿ ತೆರೆಯಿತು. "ಹುಬ್ಳಿಯವರಾ? ಎಂತ ಆಯ್ತು ಮಾರಾಯ್ರೆ?" ಬನಿಯನ್ನಿನಲ್ಲೇ ಇಳಿದು ಬಂದವರು ಉಡುಪಿ ಕಡೆಯ ಸದಾನಂದ ಶೆಟ್ಟರು, ಯಾವುದೋ ಆಫೀಸಿನಲ್ಲಿ ಗುಮಾಸ್ತರು. ತಣ್ಣನೆಯ ನೀರು ಕೊಟ್ಟು, ನನ್ನ ಕಥೆ ಕೇಳಿ, ಗೋಡೆ ಹಿಡಿದುಕೊಂಡು ನಕ್ಕರು.

"ನೀವು ದುಕಾನ್ ಹೇಳಿದ್ರೆ ಅವ ಅಂಗಡಿಗೇ ಕರ್ಕೊಂಡು ಬರೂದಲ್ವಾ? ಅದು ದುಖಾನ್. ಅರಬ್ಬಿಯಲ್ಲಿ ಹೊಗೆ ಅಂತ. ಗಂಟಲಿಂದ ಬರ್ಬೇಕು. ಖ!"

"ಅದನ್ನs ಹೇಳಿದ್ನೆಲ್ಲರಿ. ದುಕಾನ್."

"ಖ!"

"ಕ!"

"ಆಯ್ತು, ಬಿಡಿ. ಮತ್ತೆ ಕುಬಸ ಅಂದ್ರಲ್ಲ, ಅವನಿಗೆ ಅದು ಖುಬೂಸ್. ಇಲ್ಲಿಯ ರೊಟ್ಟಿ ಮಾರಾಯ್ರೆ! ತಂಗಿಗೆ ಎಣ್ಣೆ, ರೊಟ್ಟಿ ತಕೊಂಡು ಹೋಗುವ ಅಣ್ಣ ನೀವು."

ಖಣಕ್ಕೂ ಕಣ ಎನ್ನುವ ಮನೆ ನಮ್ಮದು. ದುಖಾನಿಗೆ ಬೇಕಾದಾಗ ಬಾರದ ಮಹಾಪ್ರಾಣ, ಕುಬಸಕ್ಕೆ ಬೇಡವಾದರೂ ಬಂದು ಕೂತಿತ್ತು.

ನಮಾಜು ಮುಗಿಸಿ ಬಂದ ಪಠಾಣ ದುಖಾನಿನ ಹೆಸರು ಕೇಳಿದ್ದೇ ಕೈಯೆತ್ತಿದ. ಎಂಬತ್ತು ಕಿಲೋಮೀಟರ್ ಹೋಗಿ ಖಾಲಿ ಗಾಡಿ ತರಬೇಕಂತೆ. "ಖಲಾಸ್," ಎಂದು ಸೂಟ್‌ಕೇಸು ಇಳಿಸಿ, ತನ್ನ ಹತ್ತು ರಿಯಾಲ್ ಮಾತ್ರ ಬಿಡದೆ ವಸೂಲು ಮಾಡಿ ಹೋದ.

ನನಗೆ ಅಳುವೇ ಬಂತು. ಸಿಟ್ಟಿನ ಅಳುವಲ್ಲ. ಮುಂಜಾನೆಯಿಂದ ಉಣ್ಣದೆ ಕೂತ ಬಸುರಿ ತಂಗಿ ಕಣ್ಣ ಮುಂದೆ ಬಂದಳು. ಶೆಟ್ಟರು ಅದನ್ನು ಕಂಡರೋ ಏನೋ, ಅಂಗಿ ಹಾಕಿಕೊಂಡು ನನ್ನನ್ನು ಮೂಲೆಯ ಬೇಕರಿಗೆ ಕರೆದೊಯ್ದರು. ನಮಾಜು ಮುಗಿದು ಭಟ್ಟಿ ಮತ್ತೆ ಉರಿಯುತ್ತಿತ್ತು. ದುಖಾನ್ ಕಡೆಯ ಕ್ಯಾಂಪುಗಳಿಗೆ ರೊಟ್ಟಿ ಒಯ್ಯುವ ವ್ಯಾನು ಅಲ್ಲೇ ನಿಂತಿತ್ತು. ಹೀಗೆ ನಾನು ಕುಬಸದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಖುಬೂಸಿನ ವ್ಯಾನು ಹತ್ತಿದೆ.

ಚಾಲಕ ಹಂಸ ಕಲ್ಲಿಕೋಟೆಯವನು, ಮಾಸ್ತರ ಎಂದರೆ ಅವನ ಬಾಯಲ್ಲಿ ಮಾಷ್. ಒಳ್ಳೆಯವನೇ. ಆದರೆ ಎಲ್ಲಿ ನಾಲ್ಕು ಗುಡಿಸಲಿನಂಥ ಶೆಡ್ಡು ಕಂಡರೂ ನಿಲ್ಲಿಸುವನು, ರೊಟ್ಟಿ ಇಳಿಸುವನು, ಚಹಾ ಕುಡಿಯುವನು, ಊರಿನ ಸುದ್ದಿ ಕೇಳುವನು. ಆಚೆ ಈಚೆ ಬರೀ ಬಿಳಿಚಿದ ನೆಲ, ದೂರದಲ್ಲಿ ಒಂದೆರಡು ಒಂಟೆ. ಎದುರಿಗೆ ಗಾಜಿನಲ್ಲಿ ಸೂರ್ಯ ಇಳಿಯುತ್ತಿದ್ದ.

"ಮಾಷೇ, ಟೆನ್ಶನ್ ನಹೀ. ಸೂರಜ್ ಇದರ್ ಲೇಟ್ ಜಾತಾ," ಎಂದ ಹಂಸ.

"ಸೂರ್ಯಾನ ಪಾಠ ನನಗ ಹೇಳಬ್ಯಾಡ, ಗಾಡಿ ಓಡಸು," ಎಂದು ಕನ್ನಡದಲ್ಲೇ ಗದರಿದೆ. ಅವನಿಗೆ ಅರ್ಥವಾಗಿರಬೇಕು, ಮುಂದಿನ ಚಹಾ ಬಿಟ್ಟ.

ದುಖಾನ್ ಮುಟ್ಟಿದಾಗ ಸೂರ್ಯ ಸಮುದ್ರದಿಂದ ಒಂದು ಮೊಳ ಮೇಲಿದ್ದ. ವ್ಯಾನಿನ ಹಾರ್ನಿಗೆ ಕಾಲೊನಿಯ ಹೆಂಗಸರೆಲ್ಲ ಹೊರಗೆ ಬಂದರು. ಶಾಂತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ತುಟಿ ಒಣಗಿತ್ತು. ನಾನು ಗಂಟು ಚಾಚಿದೆ. ಅವಳು ಮೂಗು ಅರಳಿಸಿ ನನ್ನ ಅಂಗಿಯನ್ನು ಮೂಸಿದಳು.

"ಅಣ್ಣಾ, ಬಿಸಿ ಕುಬೂಸ್ ತಂದೀಯೇನೋ? ತಿಂಗಳಾತು, ಅದರ ಮ್ಯಾಲs ಜೀವ ಐತಿ. ಇಲ್ಲಿಗೆ ಬರೂದ್ರಾಗ ಆರಿ ಚರ್ಮ ಆಗಿರ್ತಾವ."

ಬಸುರಿ ಬಯಕೆ! ಎರಡು ಸಮುದ್ರ ದಾಟಿ, ಬೈಸಿಕೊಂಡು, ಬೆಂದು ತಂದ ಇಲಕಲ್ ಸೀರೆ ಒಂದು ಕಡೆ, ಬೇಕರಿಯ ರೊಟ್ಟಿ ಒಂದು ಕಡೆ. ಹಂಸ ವ್ಯಾನಿನ ತಳದಿಂದ, ಚಾದರ ಸುತ್ತಿ ಬೆಚ್ಚಗಿಟ್ಟ ಕಟ್ಟೊಂದನ್ನು ಎಳೆದುಕೊಟ್ಟ. ಆದರೆ ಹಟಮಾರಿ ಹುಡುಗಿ ಮೊದಲು ಒಳಗೆ ಹೋಗಿ ಹಸಿರು ಸೀರೆ ಉಟ್ಟಳು. ಹೆಂಗಸರು ಬಳೆ ತೊಡಿಸಿ, ಉಡಿ ತುಂಬಿ, ಆರತಿ ಎತ್ತಿದರು. ಕಿಟಕಿಯಲ್ಲಿ ಕೆಂಪು ಬಿಸಿಲು ಇನ್ನೂ ಇತ್ತು. ಆಮೇಲೆ ಅವಳು ಹೋಳಿಗೆಯ ತಾಟು ಸರಿಸಿ ಖುಬೂಸ್ ಹರಿದು ತಿಂದಳು, ಕಣ್ಣಲ್ಲಿ ನೀರು ಸುರಿಸುತ್ತ, ಒಂದಲ್ಲ, ಮೂರು. ಹೋಳಿಗೆ ಹಂಸ ತಿಂದ.

ನಾನು ಊರಿಗೆ ಹೊರಡುವಾಗ ಶಾಂತಾ ಅವ್ವನಿಗೆಂದು ಒಂದು ಕಟ್ಟು ಖುಬೂಸ್ ಕಳಿಸಿದಳು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅವು ಕಟಕ ರೊಟ್ಟಿಯಂತಾಗಿದ್ದವು. ಅವ್ವ ಒಂದನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ, ಮಗಳ ಬಾಯಿಗೆ ಹತ್ತಿದ ರುಚಿ ಹುಡುಕುವಂತೆ ಬಹಳ ಹೊತ್ತು ಅಗಿದಳು. ನಾನು ಪಟ್ಟ ಪಾಡೆಲ್ಲ ಹೇಳಿ ಮುಗಿಸಿದೆ. ಅವಳ ಕಿವಿಗೆ ಬಿತ್ತೋ ಇಲ್ಲವೋ.

"ಬಾಣಂತನಕ್ಕ ನಾನs ಹೊಕ್ಕೀನಿ," ಎಂದಳು. "ವೀಸಾ ಬರಲಿ. ಇಮಾನ ಇಳದ ಮ್ಯಾಲ ಬಸ್ ಇದ್ದs ಇರ್ತಾವ."

ನನಗೆ ಮತ್ತೆ ಬೆವರು ಕಿತ್ತು ಬಂತು. "ಅವ್ವಾ, ಅದೆಲ್ಲ ಆಮ್ಯಾಲ. ಮೊದಲ ಬಾಯಿ ತುಂಬ ಒಂದ್ಸಲ ಖ ಅನ್ನು," ಎಂದೆ.

ಅವ್ವ ಬಾಯಲ್ಲಿದ್ದದ್ದನ್ನು ನುಂಗಿ, ಸೆರಗು ಸರಿ ಮಾಡಿಕೊಂಡು, "ಕ" ಎಂದಳು.