ಎಳೆಗಳು ಮಲಗುವ ದಿಕ್ಕು

ಗುಂಡ್ಲುಪೇಟೆ ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯ ಮುಂದೆ ಇವತ್ತು ಔಷಧಿ ಸ್ಪ್ರೇಯರಿನ ಮುರಿದ ಹಿಡಿಯೊಂದು ಬಿದ್ದಿತ್ತು. ಬೇರೆಯವರ ವಸ್ತು ಮುಟ್ಟುವವಳಲ್ಲ ನಾನು. ಆದರೂ ಎತ್ತಿಕೊಂಡು ಮುರಿದ ಅಂಚನ್ನು ಬೆಳಕಿಗೆ ಹಿಡಿದೆ. ಪಿನ್ನಿನ ತೂತಿನ ಪಕ್ಕದಲ್ಲೇ ಮುರಿದಿತ್ತು.

ಚಾಮರಾಜನಗರದ ಬಳಿ ನಾನಿರುವ ಕಾರ್ಖಾನೆಯಲ್ಲಿ ಇಂಥ ಹಿಡಿಗಳನ್ನೇ ಅಚ್ಚು ಹಾಕುತ್ತೇವೆ. ನೈಲಾನಿನಲ್ಲಿ ಕೂದಲಿಗಿಂತ ಸಣ್ಣ ಗಾಜಿನ ಎಳೆಗಳ ತುಣುಕುಗಳಿರುತ್ತವೆ. ನದಿಯಲ್ಲಿ ತೇಲುವ ಕಡ್ಡಿಗಳನ್ನು ನೀವೂ ನೋಡಿರಬಹುದು. ಅಚ್ಚಿನ ಗೋಡೆಯ ಹತ್ತಿರ ಎಳೆಗಳೂ ಹಾಗೆಯೇ ಹರಿವಿನ ಉದ್ದಕ್ಕೆ ಮಲಗುತ್ತವೆ. ಆ ದಿಕ್ಕಿನಲ್ಲಿ ಎಳೆದರೆ ಬಲ, ಅಡ್ಡಕ್ಕೆ ಎಳೆದರೆ ಅಷ್ಟಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಇದನ್ನು ಚಿತ್ರಸಮೇತ ಬರೆದು ಅಂಕ ಗಳಿಸಿದವಳು ನಾನು.

ಕೆಲಸಕ್ಕೆ ಸೇರಿದ ವರ್ಷ ಹಿಡಿಗಳು ಮುರಿದು ವಾಪಸು ಬಂದವು. ಕಾರಣ ಹುಡುಕಿ ವರದಿ ಬರೆಯುವುದು ನನ್ನ ಪಾಲಿಗೆ ಬಂತು. ನೈಲಾನಿನ ಕಾಳುಗಳನ್ನು ಮೊದಲು ಯಂತ್ರದಲ್ಲಿ ಒಣಗಿಸಬೇಕು. ತೇವ ಉಳಿದರೆ ಹಿಡಿ ಪೆಳಸಾಗಿ ಸುಲಭವಾಗಿ ಮುರಿಯುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಉಡಿಗಾಲದ ಮಾದೇವಕ್ಕ. ಅವರು ಮುರಿದ ಹಿಡಿಗಳನ್ನು ಸಾಲಾಗಿ ಜೋಡಿಸಿ ನನ್ನನ್ನು ಕರೆದರು.

"ಎಲ್ಲಾ ಒಂದೇ ತಾವು ಒಡ್ದವೆ ನೋಡು ಕಣಮ್ಮಿ. ಉಲ್ಲು ಬೆರ್ಸಿದ ಮಣ್ಣ ಗ್ವಾಡೆಗೆ ಮೆತ್ತುವಾಗ ಇಬ್ರು ಎಲ್ಡು ಕಡೆಯಿಂದ ಸವರ್ಕಂಡು ಬಂದ್ರೆ, ಕೈ ಸೇರೋ ತಾವೇ ಬಿರುಕು ಬುಡೋದು. ಉಲ್ಲು ಆ ಕಡೀಕೆ ದಾಟಕ್ಕಿಲ್ಲ."

"ಇದು ಗೋಡೆ ಅಲ್ಲವಲ್ಲ ಅಕ್ಕ," ಎಂದು ನಕ್ಕೆ.

"ಅಂಗಾರೆ ನೀನೇ ಬರ್ಕೊ, ಓದ್ದೋಳು."

ವರದಿಯಲ್ಲಿ ಬರೆದೆ: ಕಾಳು ಸರಿಯಾಗಿ ಒಣಗಿಸಿಲ್ಲ. ಅದೇ ವಾರ ಅವರನ್ನು ಕೆಲಸದಿಂದ ತೆಗೆದರು.

ಹಿಡಿಗಳು ಆಮೇಲೂ ಮುರಿದವು. ಆಗ ಒಂದನ್ನು ಕತ್ತರಿಸಿ, ನಯಗೊಳಿಸಿ, ಸೂಕ್ಷ್ಮದರ್ಶಕದಲ್ಲಿಟ್ಟೆ. ಪಿನ್ನಿನ ತೂತನ್ನು ಸುತ್ತಿ ಬಂದ ಎರಡು ಹರಿವುಗಳು ಕೂಡುವಲ್ಲಿ ಎಳೆಗಳು ಕೂಡುಗೆರೆಯ ಉದ್ದಕ್ಕೇ ಮಲಗಿದ್ದವು. ಹುಡುಕಿದರೂ ಆಚೆಗೆ ದಾಟಿದ ಎಳೆ ಕಾಣಲಿಲ್ಲ. ಕರಗಿದ ನೈಲಾನ್ ಅಚ್ಚಿಗೆ ಇಳಿಯುವ ಬಾಯಿಯನ್ನು ತಪ್ಪು ಜಾಗದಲ್ಲಿ ಇಡಲಾಗಿತ್ತು. ಹೊಸ ವರದಿ ಬರೆದೆ, ಅಚ್ಚು ತಿದ್ದಿದರು. ನಾನು ಉಡಿಗಾಲಕ್ಕೆ ಹೋಗಿ ತಪ್ಪೊಪ್ಪಿಕೊಂಡೆ.

ಮಾದೇವಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಬ್ಯಾರೆ ಕೆಲ್ಸ ಸಿಕ್ತು, ಬುಡು. ಅಸಿ ಕಾಳು ಆಕ್ಬುಟ್ಟೋಳು ಅಂತ ನಿಮ್ ಪ್ಯಾಕ್ಟ್ರೀಲಿ ಆಡ್ಕತರಲ್ಲ, ಅವ್ರಿಗೋಗಿ ಯೋಳು. ನಂಗ್ಯಾಕೆ ಯೋಳೀಯೆ?"

ಹೊಸ ವರದಿ ಇದೆಯಲ್ಲ ಎಂದುಕೊಂಡು ಇಷ್ಟು ವರ್ಷ ಪಾಳಿಯವರಿಗೆ ಹೇಳಲಿಲ್ಲ. ಅದನ್ನು ಯಂತ್ರದ ಮುಂದಿನ ಹೆಂಗಸರು ಯಾರೂ ಓದುವುದಿಲ್ಲವೆಂದು ನನಗೆ ಗೊತ್ತಿತ್ತು.

ಇವತ್ತು ಆ ಮುರಿದ ಹಿಡಿ ನೋಡಿದ ಮೇಲೆ ಅಂಗಡಿಯಿಂದ ನೇರವಾಗಿ ಮಧ್ಯಾಹ್ನದ ಪಾಳಿಗೆ ಹೋದೆ. ಎಲ್ಲರೂ ಸೇರಿದಾಗ ಹೇಳಿದೆ: "ಮಾದೇವಕ್ಕ ಒಣಗಿಸಿದ ಕಾಳಿನಲ್ಲಿ ತಪ್ಪಿರಲಿಲ್ಲ. ತಪ್ಪು ಬರೆದದ್ದು ನಾನು."

ಹಿಂದಿದ್ದ ಒಬ್ಬಾಕೆ ಕೈಯನ್ನು ಕಿವಿಗೆ ಇಟ್ಟುಕೊಂಡಳು. "ಮಿಷನ್ ಸದ್ದಲ್ಲಿ ಕೇಳ್ನಿಲ್ಲ ಮೇಡಮ್, ಇನ್ನೊಂದ್ಸಲ ಯೋಳಿ."

ಯಂತ್ರ ನಿಲ್ಲಿಸಿ, ಮತ್ತೆ ಹೇಳಿದೆ.