ಬಾರದ ನೋಟಿನ ಗೆರೆಗಳು

ನಾಣ್ಯ, ನೋಟುಗಳ ಅಚ್ಚು ಕೆತ್ತುವವರ ಕಿರುಬಳಗದಲ್ಲಿ ಇಂದು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಕೆತ್ತನೆಗಾರರಿಗೆ ವಿಶಿಷ್ಟವಾದೊಂದು ಸ್ಥಾನವಿದೆ: ಅವರು ಕೆತ್ತಿದ ಮೂರು ಹೊಸ ಮುಖಬೆಲೆಗಳಲ್ಲಿ ಒಂದೂ ಜನರ ಕೈ ಸೇರಲಿಲ್ಲ. ಮೂರು ರೂಪಾಯಿಯ ನಾಣ್ಯ ಪ್ರಸ್ತಾವದಲ್ಲೇ ಉಳಿಯಿತು. ಮೂವತ್ತರ ನೋಟನ್ನು, ಲೆಕ್ಕಕ್ಕೆ ತೊಡಕೆಂದು, ಸಮಿತಿ ಕೈಬಿಟ್ಟಿತು. ಎಪ್ಪತ್ತೈದರ ನೋಟಿನ ಕಥೆ ಮುಂದಿದೆ. ಮುದ್ರಣಾಲಯದಲ್ಲಿ ಅವರಿಗೆ ‘ಬಾರದ ನೋಟಿನ ಯಜಮಾನರು’ ಎಂಬ ಹೆಸರೇ ಬಿದ್ದಿತ್ತು. ಹಾಗೆ ಕರೆದವರಿಗೂ ಅವರು ನಗುತ್ತಲೇ ಓಗೊಡುತ್ತಿದ್ದರು.

ಅವರ ಕೈಕೆಳಗೆ ನಾನು ಸೇರಿದಾಗ ನನ್ನದು ಹೊಲದಲ್ಲಿ ಪಳಗಿದ ಒರಟು ಕೈ. ಉಳಿ ಜಾರಿ ತಗಡು ಕೆಟ್ಟ ದಿನ, “ನೇಗಿಲು ಹಿಡಿದೋನಿಗೆ ಸಾಲು ಗೊತ್ತಿರತ್ತೆ. ಇಲ್ಲಿ ಹೊಲ ಚಿಕ್ಕದು, ಅಷ್ಟೇ” ಎಂದು ಹೊಸ ತಗಡು ಕೊಟ್ಟರು.

ಅವರ ಅಕ್ಕನವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಗುಂಡಿ, ದಾರ ಮಾರುವ ಸಣ್ಣ ಅಂಗಡಿ ಅವರದು. ಗುಂಡಿಯ ಅಳತೆಯನ್ನು ಬೆರಳಲ್ಲೇ ಹೇಳಬಲ್ಲ ಆಕೆ, ನೋಟು ಬಂದಾಗ ಮಾತ್ರ “ಎಷ್ಟರದಪ್ಪಾ ಇದು?” ಎಂದು ಕೊಟ್ಟವರನ್ನೇ ಕೇಳಬೇಕಿತ್ತು. ಆ ಪ್ರಶ್ನೆ ತಮ್ಮನ ಎದೆಯಲ್ಲಿ ಮುರಿದ ಮುಳ್ಳಿನಂತೆ ಕುಳಿತಿತ್ತು. ಎಪ್ಪತ್ತೈದರ ಕೆಲಸ ಬಂದಾಗ, ಅಂಚಿನಲ್ಲಿ ಹೆಬ್ಬೆರಳು ಬೀಳುವೆಡೆ ಉಬ್ಬಿದ ನೇರ ಗೆರೆಗಳನ್ನು ಕೆತ್ತಿದರು. ಪರೀಕ್ಷೆಗೆಂದು ಮುದ್ರಿಸಿದ ನೋಟನ್ನು ಹೊರಗೊಯ್ಯುವಂತಿಲ್ಲ. ಮೇಲ್ವಿಚಾರಕರ ಒಪ್ಪಿಗೆ ಪಡೆದು ಅಕ್ಕನವರನ್ನೇ ಒಳಗೆ ಕರೆತಂದರು.

ಆಕೆ ನೋಟನ್ನು ಸವರಿ, “ಇದು ಗೆರೇನೋ, ಮಡಿಕೇನೋ? ಹಳೇ ನೋಟೆಲ್ಲ ಹೀಗೇ ಸಿಗತ್ತೆ” ಎಂದರು.

“ಇದು ಹೊಸ ನೋಟಲ್ವಾ ಅಕ್ಕಾ.”

“ನನ್ನಂಗಡಿಗೆ ಹೊಸ ನೋಟು ಯಾವತ್ತು ಬಂದಿದ್ಯೋ? ನೀವಿಲ್ಲಿ ಹೊಸ ಸೊಸೇನ ನೋಡೋ ಹಾಗೆ ನೋಡ್ತೀರಿ. ನನ್ನ ಹತ್ರ ಬರೋ ಹೊತ್ತಿಗೆ ಅವಳು ಅಜ್ಜಿ ಆಗಿರ್ತಾಳೆ.”

ಕೋಣೆಗೆ ಕೋಣೆಯೇ ನಕ್ಕಿತು. ಗರಿಗರಿ ಕಾಗದವನ್ನಷ್ಟೇ ಮುಟ್ಟುವ ನಮಗೆ ಇದು ಹೊಳೆದೇ ಇರಲಿಲ್ಲ. ಮರುದಿನದಿಂದ ಯಜಮಾನರು ನೋಟುಗಳನ್ನು ಹಿಸುಕಿ, ನೀರಲ್ಲಿ ನೆನೆಸಿ, ಒಣಗಿಸಿ ನೋಡತೊಡಗಿದರು. ಗೆರೆಗಳು ಮೋಟಾದವು, ಓರೆಯಾದವು, ಜೋಡಿಯಾದವು. ಮತ್ತೆ ಬಂದ ಅಕ್ಕನವರು ಮುದುಡಿದ ನೋಟುಗಳ ರಾಶಿಯಿಂದ ಎಪ್ಪತ್ತೈದರದನ್ನೇ ಎಳೆದು ಹಿಡಿದರು.

ಅಷ್ಟರಲ್ಲಿ ಪ್ರಸ್ತಾವವೇ ಬಿದ್ದುಹೋಗಿ, ಅಚ್ಚು ಕರಗಿಸಲು ಅಪ್ಪಣೆ ಬಂತು. ಇವರು ಮೇಲ್ವಿಚಾರಕರೆದುರು ನಿಂತು, “ನೋಟು ಬೇಡ ಅಂದ್ರೆ ಬೇಡ ಸಾರ್, ಗೆರೆ ಉಳಿಸ್ಕೊಳ್ಳಿ” ಎಂದರು.

“ಬೆಳೆನೇ ಹೋದ್ಮೇಲೆ ಬೇಲಿ ಇಟ್ಕೊಂಡು ಏನ್ರೀ ಮಾಡೋದು?”

“ಪಕ್ಕದ ಹೊಲಕ್ಕೆ ಹಾಕೋಣ.”

ಪಕ್ಕದ ಹೊಲವೆಂದರೆ ನೂರರ ನೋಟು. ಮನವಿ ಮೇಜಿನಿಂದ ಮೇಜಿಗೆ ತೆವಳಲು ವರ್ಷಗಳೇ ಹಿಡಿದವು. ಅವರು ಕಾದರು, ಕೇಳುವುದನ್ನು ಮಾತ್ರ ಬಿಡಲಿಲ್ಲ. ಈ ವರ್ಷ ಹೊಸ ನೂರರ ನೋಟು ಆ ಗೆರೆಗಳೊಡನೆ ಹೊರಬಂತು.

ಕಳೆದ ವಾರ ದಾರ ಕೊಳ್ಳಲು ಹೋಗಿ, ಮಾತಾಡದೆ ಅಕ್ಕನವರತ್ತ ನೋಟು ಚಾಚಿದೆ. ಹೆಬ್ಬೆರಳು ಅಂಚಿನಲ್ಲಿ ಒಮ್ಮೆ ಆಡಿತು. ಆಕೆ ಏನನ್ನೂ ಕೇಳದೆ ಚಿಲ್ಲರೆ ಕೊಟ್ಟರು. ಆಮೇಲೆ, “ನೂರರದು ಬಾಯಿ ಬಿಟ್ಟಿತಪ್ಪ. ಉಳಿದವೆಲ್ಲ ಇನ್ನೂ ಮೂಗರೇ. ನಿವೃತ್ತಿ ಅಂತ ನಿಮ್ಮ ಯಜಮಾನ್ರು ಮನೇಲಿ ಕೂತ್ರೆ ನಾನು ಬಿಡಲ್ಲ, ಹೇಳ್ಬಿಡು” ಎಂದರು.

ಹೇಳಿದ್ದೇನೆ. ವಾರಕ್ಕೆರಡು ದಿನ ಬಂದು ಹೊಸಬರಿಗೆ ಕಲಿಸಲು, ಉಳಿದ ನೋಟುಗಳ ಗೆರೆಗಳನ್ನು ರೂಪಿಸಲು ಅವರು ಒಪ್ಪಿದ್ದಾರೆ. ಅವರ ಆಯಸ್ಸಿಗೆ ನಾವೆಲ್ಲ ಸೇರಿ ನೂರರ ಮುಖಬೆಲೆಯನ್ನು ಪ್ರಸ್ತಾಪಿಸುತ್ತಿದ್ದೇವೆ. ಇದೊಂದು ಪ್ರಸ್ತಾವವಾದರೂ ತಪ್ಪದೆ ಚಲಾವಣೆಗೆ ಬರಲಿ.