ಚರ್ಮ ಬತ್ತೈತೆ

ನನ್ನ ಅವ್ವ ಅಂಕಮ್ಮ ರಾಮನಗರದಲ್ಲಿ ಸಾಬೀರ್ ಸಾಹೇಬರ ರೇಷ್ಮೆ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ನೂಲು ಬಿಚ್ಚಿದವಳು. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹಿಡಿಯಲು ಬರಿಗೈಯೇ ಬೇಕು, ಗ್ಲೌಸು ಹಾಕಿದರೆ ಎಳೆ ಸಿಗುವುದಿಲ್ಲ. ಅವಳ ಕೈ ಯಾವತ್ತೂ ಬೆಂದೇ ಇರುತ್ತಿತ್ತು. ಅದರ ಜಂಬ ಬೇರೆ. ಹೊಸದಾಗಿ ಸೇರಿದ ಹೆಂಗಸರಿಗೆ, "ಮೊದ್ಲು ಸುಲಿತೈತೆ, ಆಮ್ಯಾಕೆ ಚರ್ಮ ಬತ್ತೈತೆ, ಹೆದರ್ಬ್ಯಾಡ್ರೇ" ಎಂದು ಗದರುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಬಲಗೈ ಹೆಬ್ಬೆರಳ ಬುಡದಲ್ಲಿ, ಹಳೆಯ ಸುಟ್ಟ ಕಲೆಯ ಮೇಲೆ, ಒಂದು ಗಾಯವಾಯಿತು. ಒಣಗುವುದು, ನೀರಿಗೆ ಬಿದ್ದು ಮತ್ತೆ ಬಿರಿಯುವುದು, ಇದೇ ಆಯಿತು. ನಾನು ಚನ್ನಪಟ್ಟಣದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಭಾನುವಾರ ಮನೆಗೆ ಹೋದಾಗ ಗಾಯದ ವಿಚಾರ ಎತ್ತಿದರೆ, "ಚರ್ಮ ಬತ್ತೈತೆ ಕಣಮ್ಮಿ" ಎನ್ನುತ್ತಿದ್ದಳು. ನಮ್ಮ ಕಡೆ ಆ ಮಾತು ಬಂತೆಂದರೆ ಹೊಸ ಚರ್ಮ ಬರುತ್ತಿದೆ, ವಾಸಿಯಾಗುತ್ತಿದೆ ಎಂದೇ ಅರ್ಥ, ಯಾರೂ ಮುಂದೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಗಾಯದ ಅಂಚು ದಪ್ಪಗೆ ಎದ್ದು ಹೊರಕ್ಕೆ ಮಡಚಿಕೊಂಡಿದ್ದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದೆ. ಓದಿದ್ದೆಲ್ಲ ಎಲ್ಲಿ ಸತ್ತುಹೋಗಿತ್ತೋ! ನೆನೆದರೆ ನನ್ನ ಮೇಲೇ ಸಿಟ್ಟು ಉಕ್ಕುತ್ತದೆ.

ಕಳೆದ ದೀಪಾವಳಿ ಹೊತ್ತಿಗೆ ಅದು ಹೂಕೋಸಿನ ಹಾಗೆ ಬೆಳೆದಿತ್ತು. ಮುಟ್ಟಿದರೆ ರಕ್ತ, ಹತ್ತಿರ ಹೋದರೆ ವಾಸನೆ. ಅವ್ವನನ್ನು ಬೆಂಗಳೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ರಿಪೋರ್ಟು ಓದಿದ ಡಾಕ್ಟರ್ ರಾಧಾಮಣಿ ಕನ್ನಡಕ ತೆಗೆದಿಟ್ಟರು.

"ಅಂಕಮ್ಮ, ಚರ್ಮದ ಒಂದೊಂದು ಕಣದೊಳಗೂ ಸಣ್ಣ ಎಳೆಗಳ ಹಂದರ ಇರುತ್ತೆ. ಗಾಯವಾದಾಗ ಆ ಎಳೆಗಳು ಬಿಗಿಯುತ್ತವೆ, 'ಬೆಳೆ' ಅಂತ ಕಣಕ್ಕೆ ಸುದ್ದಿ ಹೋಗುತ್ತೆ. ಗಾಯ ಮುಚ್ಚಿದ ಮೇಲೆ ಸಡಿಲವಾಗಿ, 'ಸಾಕು' ಅಂತ ಸುದ್ದಿ ಹೋಗುತ್ತೆ. ನಿಮ್ಮ ಕಲೆ ಗಟ್ಟಿಯಾಗಿ, ಎಳೆಗಳು ಬಿಗಿದೇ ಉಳಿದವು. ಬೆಳೆದೂ ಬೆಳೆದೂ ಕಣಗಳೇ ಕೆಟ್ಟವು. ಇದು ಕ್ಯಾನ್ಸರು."

ಇದೇ ಹಂದರವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ತಲೆ ಎತ್ತಲಾಗಲಿಲ್ಲ.

ಅವ್ವ ಅಳಲಿಲ್ಲ. "ಕೈ ಕುಯ್ದ್ರೂ ಎರಡು ಬೆಟ್ಟಾದ್ರೂ ಬುಡ್ತೀರಾ ಡಾಕ್ಟ್ರೇ? ಕೆಲ್ಸಕ್ಕೆ ಅಷ್ಟಿದ್ರೆ ನಡೀತೈತೆ" ಎಂದು ಎರಡು ಬೆರಳು ಎತ್ತಿ ತೋರಿಸಿ ಕೇಳಿದಳು.

ರಾಧಾಮಣಿ ಮಾರ್ಕರ್ ತೆಗೆದು ಅವ್ವನ ಮಣಿಕಟ್ಟಿಗಿಂತ ನಾಲ್ಕಂಗುಲ ಮೇಲೆ ಸುತ್ತಲೂ ನೀಲಿ ಗೆರೆ ಎಳೆದರು. ಅವ್ವ ಅದನ್ನು ಸೆರಗಿನಿಂದ ಒರೆಸತೊಡಗಿದಳು. ಗೆರೆ ಹೋಗಲಿಲ್ಲ. ಅವಳು ಒರೆಸುತ್ತಲೇ ಇದ್ದಳು, ನಾನೇ ಕೈ ಹಿಡಿದು ನಿಲ್ಲಿಸಬೇಕಾಯಿತು.